ಆರ್ಟಿಸ್ಟ್ ಬ್ರ್ಯಾಂಡ್ ಬಿಟ್ಟು ಹೋದ ಮೇಲೆ ಅವರ ಸಿಗ್ನೇಚರ್ ಗಿಟಾರ್ ತಗೊಂಡ್ರೆ ಲುಕ್ಸಾನಾ?

ಗಣಿನಾಡು_ಲೀಡ್ (ಬಳ್ಳಾರಿ):

ಎಲ್ಲರಿಗೂ ನಮಸ್ಕಾರ. ರಸಮಂಜರಿ ಆರ್ಕೆಸ್ಟ್ರಾಕ್ಕೆ ಒಂದು ಗಿಟಾರ್ ಬೇಕಾಗಿದೆ. ಹಳೇ ಚಿತ್ರಗೀತೆ, ಹೊಸ ಚಿತ್ರಗೀತೆ, ಮಧ್ಯೆ ಒಂದೆರಡು ರಾಕ್ ಪೀಸು ನುಡಿಸ್ತೀವಿ. ಸ್ಟೇಜು ಬಹುತೇಕ ಬಯಲಲ್ಲಿ, ಗಣೇಶನ ಹಬ್ಬ ಇಲ್ಲಾ ಊರ ಜಾತ್ರೆ. ಕರೆಂಟು ಜನರೇಟರಿಂದು, ಪಕ್ಕದಲ್ಲೇ ಎಲ್‌ಇಡಿ ಲೈಟು.

ಕೈಗೆಟುಕುವಂಥವು ಎರಡಿವೆ. ಒಂದು ಸೆಕೆಂಡ್ ಹ್ಯಾಂಡ್ ಡೀನ್ ಕಂಪನಿಯ ವಿ ಆಕಾರದ ಗಿಟಾರು, ರಾಕ್ ಗಿಟಾರಿಸ್ಟ್ ಡೇವ್ ಮಸ್ಟೇನ್ ಸಿಗ್ನೇಚರ್ (ಅಂದ್ರೆ ಅವರ ಹೆಸರಲ್ಲೇ ಬಂದ ಮಾಡೆಲ್), ಇಂಪೋರ್ಟ್ ಸೀರೀಸಿಂದು. "ಮಸ್ಟೇನ್ ಈಗ ಗಿಬ್ಸನ್‌ಗೆ ಹೋಗಿದ್ದಾರೆ, ಅದಕ್ಕೇ ರೇಟು ಇಳಿಸಿದೀನಿ" ಅಂತಾರೆ ಮಾರೋರು. ಇನ್ನೊಂದು ಹೊಸ ಪಿಆರ್‌ಎಸ್ ಎಸ್‌ಇ ಸಿಲ್ವರ್ ಸ್ಕೈ, ಗಿಟಾರಿಸ್ಟ್ ಜಾನ್ ಮೇಯರ್ ಮಾಡೆಲ್.

ಆರ್ಟಿಸ್ಟ್ ಕಂಪನಿ ಬದಲಾಯಿಸಿದ್ರೆ ಹಳೇ ಗಿಟಾರಿನ ಬೆಲೆ, ಪಾರ್ಟ್ಸು ಏನಾಗತ್ತೆ? ನಮ್ಮಂಥ ಸ್ಟೇಜಿಗೆ ಇವೆರಡರಲ್ಲಿ ಯಾವುದು ತಡೆಯತ್ತೆ? ಇನ್ನೊಂದು ವಿಷಯ: ನಮ್ಮ ಬೇಸ್ ಗಿಟಾರಿಸ್ಟ್‌ಗೆ ಸಣ್ಣ ಗಿಟಾರ್ ತಯಾರಕರೊಬ್ಬರು "ಎಂಡೋರ್ಸ್‌ಮೆಂಟ್ ಕೊಡ್ತೀವಿ, ನಿಮ್ಮ ಹೆಸರಲ್ಲಿ ಮಾಡೆಲ್ ಮಾಡ್ತೀವಿ" ಅಂದಿದ್ದಾರೆ, ಅಂದ್ರೆ ಅವರ ಗಿಟಾರಿಗೆ ಇವನು ಪ್ರಚಾರ ಕೊಡೋ ಒಪ್ಪಂದ. ಸಹಿ ಹಾಕೋ ಮುಂಚೆ ಏನು ನೋಡ್ಬೇಕು?

ಹಂಬಕರ್_ಹಳ್ಳ (ರಾಯಚೂರು):

ಮೊದಲು ಮಾರೋರ ಮಾತು ನೋಡೋಣ. ಆರ್ಟಿಸ್ಟ್ ಹೋದ್ರೆ ರೇಟು ಬೀಳಲೇಬೇಕು ಅಂತೇನಿಲ್ಲ. ಎಷ್ಟೋ ಸಲ ಏರಿದೆ. ರಾಕ್ ಗಿಟಾರಿಸ್ಟ್ ಎಡ್ಡಿ ವ್ಯಾನ್ ಹೇಲನ್ 1991ರಲ್ಲಿ ಮ್ಯೂಸಿಕ್ ಮ್ಯಾನ್ ಜೊತೆ ತಮ್ಮ ಹೆಸರಿನ ಗಿಟಾರ್ ತಂದ್ರು. ಕೆಲವೇ ವರ್ಷದಲ್ಲಿ ಗಿಟಾರಿಗೂ ಪೀವಿ ಕಂಪನಿಗೆ ಹೋದ್ರು. ಮ್ಯೂಸಿಕ್ ಮ್ಯಾನ್ ಆ ಗಿಟಾರನ್ನ ನಿಲ್ಲಿಸಲಿಲ್ಲ, ಹೆಸರು ತೆಗೆದು 'ಆ್ಯಕ್ಸಿಸ್' ಅಂತ ಮಾರಿದ್ರು. ಇವತ್ತು ಹೆಸರಿರೋ ಹಳೇದಕ್ಕೆ ಕಲೆಕ್ಟರ್‌ಗಳು ಹೆಚ್ಚು ಕೊಡ್ತಾರೆ, ನುಡಿಸೋರು ಕಡಿಮೆ ದುಡ್ಡಿಗೆ ಆ್ಯಕ್ಸಿಸ್ ತಗೊಂಡು ಸುಮ್ಮನಿರ್ತಾರೆ. ನೀವು ನುಡಿಸೋರು, ಅದನ್ನ ಮರೀಬೇಡಿ.

ಕಂಪನಿ ಬದಲಾದಾಗ ಯಾವುದು ಆರ್ಟಿಸ್ಟ್ ಜೊತೆ ಹೋಗತ್ತೆ, ಯಾವುದು ಕಂಪನಿಯಲ್ಲೇ ಉಳಿಯತ್ತೆ ಅಂತ ಬಿಡಿಸಿ ನೋಡಿದ್ರೆ ನಿಮ್ಮ ಪಾರ್ಟ್ಸ್ ಪ್ರಶ್ನೆಗೂ ಉತ್ತರ ಸಿಗತ್ತೆ. ಅದೇ ವ್ಯಾನ್ ಹೇಲನ್ ಗಿಟಾರು ಮ್ಯೂಸಿಕ್ ಮ್ಯಾನ್ ಜೊತೆ ಇದ್ದಾಗಲೇ, ಆ್ಯಂಪಿಗೆ ಪೀವಿ ಜೊತೆ ಸೇರಿ 1992ರಲ್ಲಿ 5150 ತಂದ್ರು. ಅವರು ಪೀವಿ ಬಿಟ್ಟಾಗ 5150 ಅನ್ನೋ ಹೆಸರು ಅವರ ಜೊತೆ ಹೋಯ್ತು, ಆಮೇಲೆ ಫೆಂಡರ್ ಜೊತೆಗಿನ ಇವಿಎಚ್ ಬ್ರ್ಯಾಂಡಿನಲ್ಲಿ ಮತ್ತೆ ಕಾಣಿಸ್ಕೊಂಡಿತು. ಸರ್ಕ್ಯೂಟು ಮಾತ್ರ ಪೀವಿ ಹತ್ರ ಉಳಿದು 6505 ಅಂತ ಆಯ್ತು. ಹಳೇ 5150 ಕೆಟ್ರೆ ಗಾಬರಿ ಬೀಳೋದು ಬೇಡ. ಅದೇ 6ಎಲ್6 ಪವರ್ ಟ್ಯೂಬು, ಅದೇ 12ಎಎಕ್ಸ್7 ಪ್ರೀಆ್ಯಂಪ್ ಟ್ಯೂಬು. ರಿಪೇರಿಯವರಿಗೆ 6505 ಅಂದ್ರೆ ಸಾಕು.

ಗಿಟಾರಿಸ್ಟ್ ಲೆಸ್ ಪಾಲ್ ಕಥೆ ಇನ್ನೂ ಹಳೇದು. 1952ರಲ್ಲಿ ಗಿಬ್ಸನ್ ಅವರ ಹೆಸರಲ್ಲಿ ಗಿಟಾರ್ ತಂತು. 1961ರಲ್ಲಿ ಬಾಡಿ ತೆಳ್ಳಗಾಗಿ ಎರಡು ಕೊಂಬು ಬಂದವು. 1963ರ ಹೊತ್ತಿಗೆ ಹೆಸರು ಹೋಗಿ ಅದು ಎಸ್‌ಜಿ ಆಯ್ತು. 1968ರಲ್ಲಿ ಹಳೇ ಆಕಾರವೂ ಲೆಸ್ ಪಾಲ್ ಹೆಸರೂ ಒಟ್ಟಿಗೆ ವಾಪಸ್ ಬಂದವು. ಹೆಸರಿದ್ದ 1961ರ ಗಿಟಾರಿಗೂ ಹೆಸರಿಲ್ಲದ 1963ರ ಎಸ್‌ಜಿಗೂ ಪಾರ್ಟ್ಸ್ ಲೆಕ್ಕದಲ್ಲಿ ದೊಡ್ಡ ಅಂತರ ಇಲ್ಲ.

ಈಗ ನಿಮ್ಮ ಮಸ್ಟೇನ್. ಜಾಕ್ಸನ್, ಇಎಸ್‌ಪಿ, ಡೀನ್, 2021ರಿಂದ ಗಿಬ್ಸನ್. ನಾಲ್ಕು ಕಡೆ ಹೋದ್ರೂ ಕೈಲಿರೋದು ಮಾತ್ರ ವಿ ಆಕಾರದ, 24 ಫ್ರೆಟ್‌ನ ಗಿಟಾರು. ಫ್ಲೈಯಿಂಗ್ ವಿ ಗಿಬ್ಸನ್‌ದೇ ಆಕಾರ, ಆದ್ರೂ ಅವರಿಗೋಸ್ಕರ 24 ಫ್ರೆಟ್ಟು, 25.5 ಇಂಚು ಸ್ಕೇಲು (ತಂತಿ ಮಿಡಿಯೋ ಉದ್ದ) ಇಟ್ಟು ಹೊಸದಾಗಿ ಮಾಡಿದ್ರು. ಪಿಕಪ್ (ತಂತಿಯ ಕಂಪನ ಹಿಡಿದು ಆ್ಯಂಪಿಗೆ ಕಳಿಸೋ ಭಾಗ) ಕಂಪನಿ ಜೊತೆ ಬೇರೆ ಒಪ್ಪಂದ: ಡೀನ್ ಕಾಲದಲ್ಲೂ ಸೆಮೊರ್ ಡಂಕನ್, ಗಿಬ್ಸನ್ ಕಾಲದಲ್ಲೂ ಸೆಮೊರ್ ಡಂಕನ್. ಗಿಟಾರಿಸ್ಟ್ ಜಾನ್ ಪೆಟ್ರುಚಿ ಐಬನೆಜ್ ಬಿಟ್ಟು ಮ್ಯೂಸಿಕ್ ಮ್ಯಾನ್‌ಗೆ ಹೋದಾಗ್ಲೂ ಡಿಮಾರ್ಜಿಯೊ ಪಿಕಪ್ ಜೊತೇಲೇ ಹೋಯ್ತು. ಗಿಟಾರ್, ಪಿಕಪ್, ತಂತಿ, ಆ್ಯಂಪ್, ಒಂದೊಂದಕ್ಕೂ ಬೇರೆ ಬೇರೆ ಸಹಿ ಇರತ್ತೆ.

ಹಾಗಾಗಿ ಕಷ್ಟ ಬರೋದು ಆ ಮಾಡೆಲ್‌ಗೆ ಅಂತಲೇ ಮಾಡಿದ ಭಾಗದಲ್ಲಿ ಮಾತ್ರ. ಮಾಮೂಲಿ ಅಳತೆಯ ಹಂಬಕರ್ (ಕರೆಂಟಿನ ಗುಂಯ್ ಸದ್ದು ಕಟ್ ಮಾಡೋ ಎರಡು ಕಾಯಿಲ್ ಪಿಕಪ್), ಫೆಂಡರ್ ಸ್ಟ್ರಾಟ್ ಗಿಟಾರಿನ ಅಳತೆಯ ಸಿಂಗಲ್ ಕಾಯಿಲ್ ಪಿಕಪ್, ಟ್ಯೂನ್‌ಒಮ್ಯಾಟಿಕ್ ಬ್ರಿಡ್ಜು, ಟ್ಯೂನರು, ಪಾಟು (ವಾಲ್ಯೂಮ್, ಟೋನ್ ತಿರುಗಿಸೋದು) ಎಲ್ಲಿ ಬೇಕಾದ್ರೂ ಸಿಗತ್ತೆ. ಪೆಟ್ರುಚಿಯ ಮ್ಯೂಸಿಕ್ ಮ್ಯಾನ್ ಜೆಪಿ ಸೀರೀಸಿನ ಪೀಜೊ ಬ್ರಿಡ್ಜು, ಸಿನಿಸ್ಟರ್ ಗೇಟ್ಸ್ ಶೆಕ್ಟರ್‌ನಲ್ಲಿರೋ ಸಸ್ಟೇನಿಯಾಕ್ (ಸ್ವರ ನಿಲ್ಲದ ಹಾಗೆ ಹಿಡಿಯೋ ಸರ್ಕ್ಯೂಟು) ಥರದ್ದು ಕೆಟ್ರೆ ಅದೇ ಸಾಮಾನು ಬೇಕು, ತಿಂಗಳುಗಟ್ಟಲೆ ಕಾಯ್ಬೇಕು. ಕ್ಲಾಪ್ಟನ್ ಸ್ಟ್ರಾಟು (1988ರದ್ದು, ಫೆಂಡರ್‌ನ ಮೊದಲ ಸಿಗ್ನೇಚರ್ ಸ್ಟ್ರಾಟು) ಒಳಗಿರೋ 25 ಡಿಬಿ ಮಿಡ್‌ಬೂಸ್ಟ್ ಬೋರ್ಡೂ ಈ ಜಾತಿಯದ್ದೇ. ಬ್ಯಾಟರಿ ಸತ್ರೆ ಗಿಟಾರೇ ಮೌನ.

ನಿಮ್ಮ ಡೀನ್ ಇಂಪೋರ್ಟ್ ಸೀರೀಸ್ ಅಂದ್ರಲ್ಲ, ಅಂತರ್ಜಾಲದ ಸ್ಪೆಕ್ ನಂಬಬೇಡಿ. ಒಂದೇ ಹೆಸರಲ್ಲಿ ಹಲವು ದರ್ಜೆ ಬಂದಿವೆ. ನಟ್‌ನಿಂದ 12ನೇ ಫ್ರೆಟ್‌ವರೆಗೆ ಅಳೀರಿ. ಅದು ಸ್ಕೇಲಿನ ಅರ್ಧ. ನಟ್ ಅಂದ್ರೆ ತಲೆ ಹತ್ರ ತಂತಿ ಕೂರೋ ಪಟ್ಟಿ. 324 ಮಿಮೀ ಬಂದ್ರೆ ಸ್ಕೇಲು 25.5 ಇಂಚು, 314 ಬಂದ್ರೆ 24.75. ಹಿಂದಿನ ಮುಚ್ಚಳ ತೆಗೆದು 9 ವೋಲ್ಟ್ ಕ್ಲಿಪ್ ಇದೆಯಾ ನೋಡಿ. ಇದ್ರೆ ಆ್ಯಕ್ಟಿವ್ (ಬ್ಯಾಟರಿ ಬೇಕಾದ ಪಿಕಪ್), ಪಾಟು ಸಾಮಾನ್ಯವಾಗಿ 25ಕೆ. ಇಲ್ಲದಿದ್ರೆ ಪ್ಯಾಸಿವ್, ಹಂಬಕರ್‌ಗೆ 500ಕೆ. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ "ಆಮೇಲೆ ಆ್ಯಕ್ಟಿವ್ ಹಾಕಿಸ್ಕೊಳ್ಳಿ" ಅಂತ ಸುಲಭವಾಗಿ ಹೇಳ್ತಾರೆ. ಪಿಕಪ್ ಜೊತೆ ಪಾಟು, ಸ್ಟೀರಿಯೊ ಜ್ಯಾಕು ಎಲ್ಲಾ ಬದಲಾಗ್ಬೇಕು. 500ಕೆ ಪಾಟಿಗೆ ಆ್ಯಕ್ಟಿವ್ ಪಿಕಪ್ ಕಟ್ಟಿದ್ರೆ ವಾಲ್ಯೂಮ್ ಸ್ವಿಚ್ಚಿನ ಹಾಗೆ ಕೆಲಸ ಮಾಡತ್ತೆ, ಸ್ವಲ್ಪ ತಿರುಗಿಸಿದ್ರೆ ಪೂರ್ತಿ ಸದ್ದು.

ಕೊನೇದು: ಆರ್ಕೆಸ್ಟ್ರಾದಲ್ಲಿ ಮೂರು ಗಂಟೆ ಕುರ್ಚಿ ಮೇಲೆ ಕೂತು ನುಡಿಸೋದಿದ್ರೆ ವಿ ತೊಡೆ ಮೇಲೆ ನಿಲ್ಲಲ್ಲ, ಜಾರತ್ತೆ. ಇದೊಂದಕ್ಕೇ ನನ್ನ ಓಟು ಸಿಲ್ವರ್ ಸ್ಕೈಗೆ.

ನಟ್_ಮತ್ತು_ಫ್ರೆಟ್ (ಗಂಗಾವತಿ, ಕೊಪ್ಪಳ):

ಹಂಬಕರ್ ಅಣ್ಣಾರು ಹೇಳಿದ್ದು ಖರೆ ಐತ್ರಿ. ಆದ್ರ ಸಿಲ್ವರ್ ಸ್ಕೈ ಅಂದಕೂಡ್ಲೆ ಅದರ ಎರಡು ಗುಣ ತಿಳ್ಕೊಂಡ ಮ್ಯಾಲೆ ರೊಕ್ಕ ಎಣಸ್ರಿ.

ಮೊದಲ್ನೇದು ರೇಡಿಯಸ್, ಅಂದ್ರ ಫ್ರೆಟ್‌ಬೋರ್ಡಿನ ದುಂಡು. ಅಂಕಿ ಸಣ್ಣದಾದಷ್ಟೂ ದುಂಡು ಹೆಚ್ಚು. ಮೇಯರ್ ಫೆಂಡರ್ ಬಿಟ್ಟು ಪಿಆರ್‌ಎಸ್‌ಗೆ ಹೋಗಿ 2018ರಾಗ ಅಮೆರಿಕಾದ ಸಿಲ್ವರ್ ಸ್ಕೈ ಬಂದಾಗ ಫ್ರೆಟ್‌ಬೋರ್ಡಿನ ರೇಡಿಯಸ್ 7.25 ಇಂಚು ಇಟ್ಟಿದ್ರು, ಹಳೇ ಸ್ಟ್ರಾಟಿಂದು ಹೆಂಗಿತ್ತೋ ಹಂಗ. 2022ರಾಗ ಇಂಡೋನೇಷ್ಯಾದಾಗ ಮಾಡಿದ ಎಸ್‌ಇ ಬಂತು, ಅದ್ರಾಗ 8.5 ಇಂಚು, ಬಾಡಿ ಪಾಪ್ಲರ್ ಕಟ್ಟಿಗಿ. 8.5 ಅಂದ್ರ ಇನ್ನೂ ದುಂಡಗಾನೇ ಐತಿ. ದುಂಡನ ಬೋರ್ಡಿನ್ಯಾಗ ತಂತಿ ಎಳದಾಗ ಅದು ನಡುವಿನ ಎತ್ತರದ ಕಡೆ ಬರ್ತೈತಿ, ಮುಂದಿನ ಫ್ರೆಟ್ಟಿಗೆ ತಾಗಿ ಸದ್ದು ಸತ್ತು ಹೋಗ್ತೈತಿ. ಚಿತ್ರಗೀತೆಯೊಳಗ ಗಮಕದ ಥರ ಉದ್ದಕ ಎಳೆಯೋದು ಜಾಸ್ತಿ, ಅದೂ 12ರ ಮ್ಯಾಲಿನ ಫ್ರೆಟ್ಟಿನ್ಯಾಗ. ಅದಕ್ಕ ಆ್ಯಕ್ಷನ್ (ಫ್ರೆಟ್ಟಿನ ಮ್ಯಾಲೆ ತಂತಿ ಎತ್ತರ) ಭಾಳ ಕೆಳಗ ಇಡಬ್ಯಾಡ್ರಿ.

ಫೆಂಡರ್‌ನವರು 7.25ಕ್ಕ ಕೊಡೋ ಲೆಕ್ಕ ಹಿಂಗೈತಿ: 17ನೇ ಫ್ರೆಟ್ ಮ್ಯಾಲೆ ದಪ್ಪ ತಂತಿ 2 ಮಿಮೀ, ಸಣ್ಣ ತಂತಿ 1.6 ಮಿಮೀ. 9.5ರಿಂದ 12ಕ್ಕ ಎರಡೂ ಕಡೆ 1.6. ರಿಲೀಫು (ಕುತ್ತಿಗಿ ಮುಂದಕ್ಕ ಬಾಗಿರೋ ಅಳತಿ) 7.25ಕ್ಕ 0.30 ಮಿಮೀ, 9.5ಕ್ಕ 0.25. 8.5 ಇವೆರಡರ ನಡುವಿಂದು. 1.7 ಸಣ್ಣ ತಂತಿ, 1.9 ದಪ್ಪ ತಂತಿ, ರಿಲೀಫ್ 0.28 ಹತ್ರ ಇಟ್ಟು ಶುರು ಮಾಡ್ರಿ, ಎಳೆದು ನೋಡಿ ಕೆಳಗಿಳಸ್ರಿ. ರಿಲೀಫ್ ಅಳೆಯೋದು: 1ನೇ ಫ್ರೆಟ್ಟಿಗೆ ಕ್ಯಾಪೊ (ತಂತಿ ಒತ್ತಿ ಹಿಡಿಯೋ ಕ್ಲಿಪ್ಪು), ಕೊನೇ ಫ್ರೆಟ್ಟಿಗೆ ದಪ್ಪ ತಂತಿ ಒತ್ತಿ, 8ನೇ ಫ್ರೆಟ್ ಹತ್ರ ಫೀಲರ್ ಗೇಜ್ (ಸಣ್ಣ ಸಂದು ಅಳೆಯೋ ತೆಳು ಪಟ್ಟಿ) ಹಾಕೋದು. ಫೀಲರ್ ಗೇಜ್ ಬೈಕ್ ಸ್ಪೇರ್ ಪಾರ್ಟ್ಸ್ ಅಂಗಡ್ಯಾಗ ಸಿಗ್ತೈತಿ, ಗಿಟಾರ್ ಅಂಗಡ್ಯಾಗ ಹುಡುಕಬ್ಯಾಡ್ರಿ.

ನಮ್ಮ ಕಡೆ ಬ್ಯಾಸಗಿ ಒಂದು ದೊಡ್ಡ ಸಮಸ್ಯಾ. ಏಪ್ರಿಲ್, ಮೇನ್ಯಾಗ ರಾಯಚೂರು, ಬಳ್ಳಾರಿ ಒಣಬಿಸಿಲಿಗೆ ಫ್ರೆಟ್‌ಬೋರ್ಡು ಕುಗ್ತೈತಿ, ಕುತ್ತಿಗಿ ಹಿಂದಕ್ಕ ಬಾಗ್ತೈತಿ, ರಿಲೀಫ್ ಹೋಗಿ ಮೊದಲ ಐದು ಫ್ರೆಟ್ಟಿನ್ಯಾಗ ಝರಝರ ಸದ್ದು ಬರ್ತೈತಿ. ಫ್ರೆಟ್ಟಿನ ತುದಿ ಅಂಚಿನ್ಯಾಗ ಹೊರಗ ಬಂದು ಕೈಗೆ ಚುಚ್ಚತಾವು. ಮಳಿಗಾಲ ಬಂದಕೂಡ್ಲೆ ಅದೇ ಕುತ್ತಿಗಿ ಮುಂದಕ್ಕ ಬಾಗಿ ಆ್ಯಕ್ಷನ್ ಏರ್ತೈತಿ. ಟ್ರಸ್ ರಾಡ್ (ಕುತ್ತಿಗಿ ಒಳಗಿನ ಸರಳು) ಒಂದು ಸಲಕ್ಕ ಕಾಲು ಸುತ್ತಷ್ಟೇ ತಿರುವಿ, ಶ್ರುತಿ ಮಾಡಿ, ಮತ್ತ ಅಳೀರಿ. ಝರಝರ ಬಂದ್ರ ಸಡಿಲ ಮಾಡೋದು, ಆ್ಯಕ್ಷನ್ ಏರಿದ್ರ ಬಿಗಿ ಮಾಡೋದು. ಚುಚ್ಚೋ ಫ್ರೆಟ್ಟನ್ನ ಬ್ಯಾಸಗ್ಯಾಗ ಅರದಿಂದ ಉಜ್ಜಿಸ್ರಿ. ಮಳಿಗಾಲದಾಗ ಉಜ್ಜಿಸಿದ್ರ ಮುಂದಿನ ಬ್ಯಾಸಗ್ಯಾಗ ಮತ್ತ ಹೊರಗ ಬರ್ತಾವು. ಇದು ಸಿಗ್ನೇಚರ್ರೋ ಸಾದಾನೋ, ಎಲ್ಲಾ ಗಿಟಾರಿಗೂ ಒಂದೇ.

ಗಾಡ್ಯಾಗ ಬಿಟ್ಟು ಊಟಕ್ಕ ಹೋಗಬ್ಯಾಡ್ರಿ. ಬಿಸಿಲಾಗ ನಿಂತ ಮುಚ್ಚಿದ ಗಾಡ್ಯಾಗ ಅಂಟು ಮೆತ್ತಗಾಗಿ, ಅಂಟಿಸಿದ ಕುತ್ತಿಗಿ ಇರೋ ಗಿಟಾರು ಸಂದಿನ್ಯಾಗ ಸರೀತೈತಿ. ಬೋಲ್ಟ್ ಹಾಕಿದ್ದಾದ್ರ ಆ ಸಂದಿನ ಹೆದ್ರಿಕಿ ಇಲ್ಲ. ಇನ್ನೊಂದು, ಬಳ್ಳಾರಿ ಜೀನ್ಸಿನ ಬೆಲ್ಟಿನ ಬಕಲ್ ಗಿಟಾರಿನ ಬೆನ್ನು ಕೆರೀತೈತಿ, ಸೆಕೆಂಡ್ ಹ್ಯಾಂಡ್ ರೇಟು ಕೇಳೋವಾಗ ಅದನ್ನ ಎಲ್ಲರೂ ತೋರಸ್ತಾರ.

ಎರಡ್ನೇ ಗುಣ ಹಮ್ಮು, ಕರೆಂಟಿನ ಗುಂಯ್ ಸದ್ದು. ಸಿಂಗಲ್ ಕಾಯಿಲ್ ಮೂರು, ಪಕ್ಕದಾಗ ಜನರೇಟರು. ಅದನ್ನ ಯಾರರ ಸೌಂಡಿನವರು ಹೇಳ್ರಿ, ನಂದು ಕಟ್ಟಿಗಿ ಕೆಲಸ.

ಗಣಿನಾಡು_ಲೀಡ್:

ಇಬ್ಬರಿಗೂ ಥ್ಯಾಂಕ್ಸ್. ವಿ ಜಾರೋದು ಯೋಚನೆ ಮಾಡಿರ್ಲಿಲ್ಲ. ಹಮ್ ಬಗ್ಗೆ ಯಾರಾದ್ರೂ ಹೇಳಿ. ಒಳಗೆ ತಾಮ್ರದ ಟೇಪ್ ಅಂಟಿಸಿದ್ರೆ ಹೋಗತ್ತೆ ಅಂತಾರೆ, ನಿಜಾನಾ?

ಡಿಐ_ಬಾಕ್ಸ್ (ಬಳ್ಳಾರಿ):

ಅರ್ಧ ನಿಜ. ತಾಮ್ರದ ಟೇಪು ಲೈಟ್ ಡಿಮ್ಮರ್, ಎಲ್‌ಇಡಿ ಸಪ್ಲೈಗಳಿಂದ ಬರೋ ಝಿರ್ ಅನ್ನೋ ಸದ್ದನ್ನ ಕಡಿಮೆ ಮಾಡತ್ತೆ, ಅದೂ ಟೇಪಿನ ಎಲ್ಲಾ ತುಂಡುಗಳು ಒಂದಕ್ಕೊಂದು ತಾಗಿ ಗ್ರೌಂಡಿಗೆ ಸೇರಿದ್ರೆ ಮಾತ್ರ. ಟ್ರಾನ್ಸ್‌ಫಾರ್ಮರು, ಜನರೇಟರಿನ ಕಾಂತಕ್ಷೇತ್ರದಿಂದ ಬರೋ 50 ಹರ್ಟ್ಸ್ ಗುಂಯ್ ಅನ್ನೋದಕ್ಕೆ ತೆಳು ತಾಮ್ರ ಅಡ್ಡ ಬರಲ್ಲ. ಅದಕ್ಕೆ ಹಂಬಕರ್ ಬೇಕು, ಇಲ್ಲಾ ಎರಡು ಕಾಯಿಲ್ ಮೇಲೆ ಕೆಳಗೆ ಇರೋ ನಾಯ್ಸ್‌ಲೆಸ್ ಪಿಕಪ್ಪು. ಮಧ್ಯದ ಪಿಕಪ್ಪು ಉಲ್ಟಾ ಸುತ್ತಿ, ಉಲ್ಟಾ ಧ್ರುವದ್ದಾಗಿದ್ರೆ ಸ್ವಿಚ್ಚಿನ 2 ಮತ್ತು 4ನೇ ಜಾಗದಲ್ಲಿ ಹಮ್ ತಾನಾಗೇ ಕಟ್ ಆಗತ್ತೆ. ರಿದಮ್ ಎಲ್ಲಾ ಅಲ್ಲೇ ನುಡಿಸಿ. ಲೀಡಿಗೆ ಒಂಟಿ ಪಿಕಪ್ ಬೇಕಾದಾಗ ಜನರೇಟರ್ ಕಡೆ ಮುಖ ಬೇಡ, ನಿಂತಲ್ಲೇ ನಿಧಾನಕ್ಕೆ ತಿರುಗಿ, ಒಂದು ಕೋನದಲ್ಲಿ ಹಮ್ ತೀರಾ ತಗ್ಗತ್ತೆ. ಸೌಂಡ್ ಚೆಕ್‌ನಲ್ಲಿ ಆ ಜಾಗಕ್ಕೆ ಟೇಪ್ ಹಚ್ಚಿ ಗುರುತು ಮಾಡ್ಕೊಳ್ಳಿ.

ನಾಯ್ಸ್‌ಲೆಸ್ ಹಾಕಿಸೋದಾದ್ರೆ ಹಳೇ ಪಿಕಪ್ಪು, ಸ್ಕ್ರೂ, ಸ್ಪ್ರಿಂಗು ಒಂದು ಡಬ್ಬೀಲಿ ಎತ್ತಿಡಿ. ಸಿಗ್ನೇಚರ್ ಗಿಟಾರಿಗೆ ಮಾರುಕಟ್ಟೆಯಲ್ಲಿ ಹೆಚ್ಚು ಬೆಲೆ ಇರೋದೇ ಒಳಗಿರೋದು ಒರಿಜಿನಲ್ ಅಂತ. ಹೊಸದು ತರಿಸೋ ಮುಂಚೆ ಕವರಿನ ಅಗಲ, ಸ್ಕ್ರೂ ಅಂತರ ವರ್ನಿಯರ್‌ನಲ್ಲಿ ಅಳೀರಿ.

ಹಮ್‌ಗಿಂತ ಮುಖ್ಯವಾದದ್ದು ಶಾಕು. ಜನರೇಟರಿಗೆ ಅರ್ತಿಂಗ್ ಇಲ್ಲದಿದ್ರೆ ಮೈಕಿಗೆ ತುಟಿ, ತಂತಿಗೆ ಕೈ, ಎರಡೂ ಒಟ್ಟಿಗೆ ತಾಗಿದ್ರೆ ಜೀವಕ್ಕೇ ಅಪಾಯ. ನುಡಿಸೋ ಮುಂಚೆ ಮಲ್ಟಿಮೀಟರ್ ಎಸಿಗೆ ಇಟ್ಟು ಒಂದು ಕಡ್ಡಿ ಬ್ರಿಡ್ಜಿಗೆ, ಇನ್ನೊಂದು ಮೈಕಿನ ಜಾಳಿಗೆಗೆ ಹಿಡೀರಿ. ಸೊನ್ನೆ ಹತ್ರ ಇರ್ಬೇಕು. ಹತ್ತಾರು ವೋಲ್ಟ್ ತೋರಿಸಿದ್ರೆ ಅರ್ತ್ ರಾಡು ಸರಿ ಮಾಡೋವರೆಗೆ ಗಿಟಾರ್ ಮುಟ್ಟಬೇಡಿ. ಆ್ಯಂಪು, ಮಿಕ್ಸರು ಒಂದೇ ಬೋರ್ಡಿನಿಂದ ತಗೊಳ್ಳಿ. ಹಮ್ ಹೋಗತ್ತೆ ಅಂತ ಪ್ಲಗ್ಗಿನ ಮೂರನೇ ಪಿನ್ನು ಕಿತ್ತು ಹಾಕೋರು ನಮ್ಮ ಕಡೆ ಇನ್ನೂ ಇದ್ದಾರೆ. ಅಂಥವರ ಸೆಟ್ಟಿಗೆ ಗಿಟಾರ್ ಚುಚ್ಚಲೇಬೇಡಿ.

ಕರಾರುಪತ್ರ (ಹೊಸಪೇಟೆ):

ಬೇಸ್ ಗಿಟಾರಿಸ್ಟ್ ವಿಷಯಕ್ಕೆ ಬರುತ್ತೇನೆ. 'ಎಂಡೋರ್ಸ್‌ಮೆಂಟ್' ಎಂಬ ಒಂದೇ ಮಾತಿನಡಿ ಮೂರು ಬೇರೆ ವ್ಯವಹಾರಗಳು ನಡೆಯುತ್ತವೆ. ರಿಯಾಯಿತಿ ಬೆಲೆಗೆ ವಾದ್ಯ ಮಾರುವುದು, ವಾದ್ಯವನ್ನು ಎರವಲು ಕೊಡುವುದು, ಮತ್ತು ಹೆಸರು ಹಾಕಿ ಮಾರಿದ ಪ್ರತಿ ಗಿಟಾರಿಗೆ ರಾಯಲ್ಟಿ ಕೊಡುವುದು. ಇದರಲ್ಲಿ ಯಾವುದು ಎಂಬುದು ಕಾಗದದ ಮೊದಲ ಪುಟದಲ್ಲೇ ಬರಬೇಕು. ಸಣ್ಣ ತಯಾರಕರು ಸಾಮಾನ್ಯವಾಗಿ ಮೊದಲನೆಯದನ್ನು ಕೊಟ್ಟು ಮೂರನೆಯದರ ಹಕ್ಕು ಬರೆಸಿಕೊಳ್ಳುತ್ತಾರೆ.

ರಾಯಲ್ಟಿ ಇದ್ದರೆ ಶೇಕಡಾವಾರು ಯಾವ ಬೆಲೆಯ ಮೇಲೆ ಎಂದು ಬರೆಯಿಸಿ: ಎಂಆರ್‌ಪಿ ಮೇಲೋ, ಅಂಗಡಿಗೆ ಕೊಡುವ ಬೆಲೆಯ ಮೇಲೋ, ಜಿಎಸ್‌ಟಿ ಸೇರಿಸಿಯೋ ಬಿಟ್ಟೋ. ಎಷ್ಟು ತಿಂಗಳಿಗೊಮ್ಮೆ ಲೆಕ್ಕ, ಮಾರಾಟದ ಪಟ್ಟಿ ನೋಡುವ ಹಕ್ಕು ಇದೆಯೇ ಎಂಬುದೂ ಬೇಕು.

ಅತಿ ಮುಖ್ಯವಾದದ್ದು ಬಿಟ್ಟು ಹೋಗುವಾಗಿನ ಷರತ್ತು. ಮೇಲೆ ವ್ಯಾನ್ ಹೇಲನ್ ಉದಾಹರಣೆ ಬಂದಿದೆಯಲ್ಲ, ಹೆಸರು ಆರ್ಟಿಸ್ಟ್‌ದು, ಸರ್ಕ್ಯೂಟ್ ಕಂಪನಿಯದು. ನಿಮ್ಮ ಸ್ನೇಹಿತರ ಕಾಗದದಲ್ಲೂ ಈ ಗೆರೆ ಸ್ಪಷ್ಟವಾಗಿರಲಿ. ಒಪ್ಪಂದ ಮುಗಿದ ಮೇಲೆ ಉಳಿದ ಸ್ಟಾಕ್ ಮಾರಲು ಇಂತಿಷ್ಟು ತಿಂಗಳು, ಆ ಮಾರಾಟಕ್ಕೂ ರಾಯಲ್ಟಿ, ಅವಧಿ ಮುಗಿದ ಮೇಲೆ ಹೆಸರು ಮತ್ತು ಫೋಟೊ ಬಳಕೆ ನಿಲ್ಲಬೇಕು. ಹಳೆಯ ವಿಡಿಯೊಗಳನ್ನು ಅಳಿಸುವ ಹೊಣೆ ಯಾರದು ಎಂಬುದನ್ನೂ ಬರೆಯಿರಿ. ಎಕ್ಸ್‌ಕ್ಲೂಸಿವ್ ಎಂದಿದ್ದರೆ ಬೇಸ್‌ಗೆ ಮಾತ್ರ ಎಂದು ಸೇರಿಸಿ. ಇಲ್ಲದಿದ್ದರೆ ತಂತಿ, ಪೆಡಲ್, ಆ್ಯಂಪ್ ಎಲ್ಲಕ್ಕೂ ಕಟ್ಟು ಬೀಳುತ್ತದೆ. ಸ್ಟುಡಿಯೊದಲ್ಲಿ ಬೇರೆಯವರ ವಾದ್ಯ ನುಡಿಸಲು ವಿನಾಯಿತಿ ಕೇಳಿ.

ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಸುವುದಾದರೆ ಕಂಪನಿಯ ಹೆಸರಲ್ಲಿ ಅಲ್ಲ, ಸ್ವಂತ ಹೆಸರಲ್ಲಿ. ಸಂಗೀತ ವಾದ್ಯಗಳದ್ದು 15ನೇ ವರ್ಗ, ವ್ಯಕ್ತಿಗೆ ಆನ್‌ಲೈನ್ ಅರ್ಜಿ ಶುಲ್ಕ 4,500 ರೂಪಾಯಿ. ಬಾಡಿ ಆಕಾರ ಅವರದೇ ಕಲ್ಪನೆಯಾದರೆ 2000ದ ಡಿಸೈನ್ಸ್ ಕಾಯ್ದೆಯಡಿ ನೋಂದಾಯಿಸಬಹುದು, 10 ವರ್ಷ, ನವೀಕರಿಸಿದರೆ ಇನ್ನೂ 5. ಆದರೆ ಅರ್ಜಿಗೆ ಮೊದಲೇ ಇನ್‌ಸ್ಟಾಗ್ರಾಮ್‌ನಲ್ಲಿ ಫೋಟೊ ಹಾಕಿದರೆ ಅದು ಹೊಸ ಡಿಸೈನ್ ಅಲ್ಲವೆಂದು ನೋಂದಣಿ ಕೈತಪ್ಪುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ.

ತೆರಿಗೆ: 2022ರ ಜುಲೈ 1ರಿಂದ 194ಆರ್ ಎಂದು ಬಂದ ಆದಾಯ ತೆರಿಗೆ ನಿಯಮದ ಪ್ರಕಾರ ವರ್ಷಕ್ಕೆ 20,000 ರೂಪಾಯಿ ಮೀರಿದ ಇಂಥ ಕೊಡುಗೆಗೆ ಶೇ 10 ಟಿಡಿಎಸ್. ಪ್ರಚಾರಕ್ಕೆ ಕೊಟ್ಟ ವಸ್ತುವನ್ನು ಇಟ್ಟುಕೊಂಡರೆ ಅದು ಕೊಡುಗೆ, ವಾಪಸ್ ಕೊಟ್ಟರೆ ಅಲ್ಲ. ಹಾಗಾಗಿ ಎರವಲು ಗಿಟಾರಾದರೆ 'ಎರವಲು' ಎಂದೂ ಮರಳಿಸುವ ದಿನಾಂಕವನ್ನೂ ಬರೆಯಿಸಿ. ರೀಲ್ಸ್ ಹಾಕುವಾಗ ಕಂಪನಿಯ ಜೊತೆ ವ್ಯವಹಾರ ಇದೆ ಎಂದು ಕಾಣುವಂತೆ ತಿಳಿಸಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿತಪ್ಪಿಸುವ ಜಾಹೀರಾತಿಗೆ ಪ್ರಚಾರಕರ ಮೇಲೂ 10 ಲಕ್ಷದವರೆಗೆ ದಂಡವಿದೆ.

ಗಣಿನಾಡು_ಲೀಡ್:

ಬಹಳ ಉಪಕಾರ ಆಯ್ತು. ಕಾಗದದ ವಿಷಯ ಅವನಿಗೆ ಹಾಗೇ ಕಳಿಸ್ತೀನಿ. ಸಿಲ್ವರ್ ಸ್ಕೈ ಕಡೇನೇ ಮನಸ್ಸಿದೆ, ಆದ್ರೂ ಈ ಭಾನುವಾರ ಡೀನ್ ಒಂದ್ಸಲ ನೋಡಿ ಬರ್ತೀನಿ. ಏನೇನು ತಗೊಂಡು ಹೋಗ್ಲಿ?

ನಟ್_ಮತ್ತು_ಫ್ರೆಟ್:

ಸ್ಟೀಲ್ ಸ್ಕೇಲು, ಫೀಲರ್ ಗೇಜು, ಕ್ಯಾಪೊ, ಸ್ಟಾರ್ ಸ್ಕ್ರೂಡ್ರೈವರು, ಟಾರ್ಚು, ನಿಮ್ಮದೇ ಕೇಬಲ್ಲು, ಒಂದು ಹೊಸ 9 ವೋಲ್ಟ್ ಬ್ಯಾಟರಿ. ಟಾರ್ಚ್ ಹಚ್ಚಿ ಮೊದ್ಲು ನಟ್ಟಿನ ಹಿಂದ, ತಲಿ ಬಾಗೋ ಜಾಗ ನೋಡ್ರಿ. ಕೂದಲೆಳಿಯಷ್ಟು ಗೆರಿ ಕಂಡ್ರ ಅದು ಮುರದು ಅಂಟಿಸಿದ್ದಿರಬಹುದು. ಆಮ್ಯಾಲೆ ವಿ ಎರಡೂ ರೆಕ್ಕಿ ತುದಿ, ಅಲ್ಲೇ ಹೆಚ್ಚು ಬಡದಿರ್ತೈತಿ. ಟ್ರಸ್ ರಾಡ್ ಎರಡೂ ಕಡೆ ಕಾಲು ಸುತ್ತು ತಿರಗ್ತೈತೇನು ಅಂತ ಮಾರೋರ ಮುಂದನ, ಅವರನ್ನ ಕೇಳಿ ನೋಡ್ರಿ. ಬಿಗಿಯೋ ಕಡೆ ಪೂರ್ತಿ ಮುಗದಿದ್ರ ಬಿಟ್ಟು ಬರ್ರಿ, ಎಷ್ಟ ಇಳಿಸಿದ್ರೂ ಬ್ಯಾಡ.